ಟಕ್ಸ್ ಇಲ್ಲದ ಡ್ರೆಸ್, ಬೆಲ್ಟಿನ ಅಳತೆ: ಕ್ಲೇರ್ ಮೆಕಾರ್ಡೆಲ್ ಕಟಿಂಗ್

ಹ್ಯಾಂಗರಿಗೆ ಹಾಕಿದರೆ ಥೇಟ್ ಗೋಣಿಚೀಲ. ಸೊಂಟದಲ್ಲಿ ಹೊಲಿಗೆಯಿಲ್ಲ, ಮೈಗೆ ಕೂರುವಂತೆ ಬಟ್ಟೆ ಮಡಿಸಿ ಹೊಲಿಯುವ ಟಕ್ಸ್ ಇಲ್ಲ. ತೊಟ್ಟವಳು ಬೆಲ್ಟ್ ಬಿಗಿದಾಗಲೇ ಅದಕ್ಕೆ ಆಕಾರ. 1938ರಲ್ಲಿ ಬಂದ ಈ ‘ಮೊನ್ಯಾಸ್ಟಿಕ್’ ಡ್ರೆಸ್ಸೇ ಅಮೆರಿಕದ ಉಡುಪು ವಿನ್ಯಾಸಗಾರ್ತಿ ಕ್ಲೇರ್ ಮೆಕಾರ್ಡೆಲ್‌ಗೆ ಹೆಸರು ತಂದದ್ದು.

1905ರಲ್ಲಿ ಮೇರಿಲ್ಯಾಂಡಿನ ಫ್ರೆಡರಿಕ್‌ನಲ್ಲಿ ಹುಟ್ಟಿದ ಆಕೆ ಪ್ಯಾರಿಸ್‌ನಲ್ಲಿ ಓದುವಾಗ ಫ್ರೆಂಚ್ ವಿನ್ಯಾಸಗಾರ್ತಿ ಮ್ಯಾಡಲೀನ್ ವಿಯೊನೆಯ ಉಡುಪುಗಳನ್ನು ಅಗ್ಗಕ್ಕೆ ಕೊಂಡು, ಹೊಲಿಗೆ ಬಿಚ್ಚಿ, ಕಟಿಂಗ್ ಕಲಿತರು. ಬಟ್ಟೆಯನ್ನು ಓರೆಯಾಗಿ ಕತ್ತರಿಸುವ ಕ್ರಾಸ್ ಕಟಿಂಗ್‌ನ ಗುಟ್ಟು ಸಿಕ್ಕಿದ್ದು ಅಲ್ಲಿಯೇ.

ಹಾಸಿಗೂ (ಉದ್ದ ಎಳೆ) ಹೊಕ್ಕಿಗೂ (ಅಡ್ಡ ಎಳೆ) 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಬಟ್ಟೆ ಉದ್ದಕ್ಕೆ ಹಿಗ್ಗಿ ಅಗಲದಲ್ಲಿ ಕುಗ್ಗುತ್ತದೆ. ಮೈಗೆ ಒಗ್ಗುವುದೂ ಇದರಿಂದಲೇ, ಕೆಡುವುದೂ ಇದರಿಂದಲೇ. ಬಟ್ಟೆ ಮೇಜಿನಿಂದ ಜೋತುಬೀಳಬಾರದು. ಮಡಿಸದೆ ಒಂದೇ ಪದರ ಹಾಸಿ ಕತ್ತರಿಸಬೇಕು. ಎಡ ಭಾಗದ ಓರೆಗೆ ಬಲ ಭಾಗದ ಓರೆ ಕನ್ನಡಿಯ ಬಿಂಬದಂತೆ ಎದುರಾಗಿರಲಿ, ಇಲ್ಲವಾದರೆ ಎರಡು ಒಗೆತಕ್ಕೆ ಡ್ರೆಸ್ ಒಂದು ಪಕ್ಕಕ್ಕೆ ತಿರುಚಿಕೊಳ್ಳಬಹುದು. ಕೊರಳು, ಭುಜಗಳಿಗೆ ಮೊದಲೇ ನೇರ ಎಳೆಯ ಪಟ್ಟಿ ಕೊಡಿ. ನೇರ ಹೊಲಿಗೆ ಬಟ್ಟೆಯೊಂದಿಗೆ ಹಿಗ್ಗದೆ ದಾರ ಹರಿಯುತ್ತದೆ, ಆದ್ದರಿಂದ ಸಣ್ಣ ಜಿಗ್‌ಜ್ಯಾಗ್ ಹಾಕಬೇಕು. ಇಸ್ತ್ರಿಯನ್ನು ಎಳೆಯದೆ ಎತ್ತಿ ಎತ್ತಿ ಒತ್ತಬೇಕು. ಅನೇಕರು ಅವಸರಪಡುವುದು ಕೆಳಅಂಚಿನಲ್ಲಿ: 24 ಗಂಟೆಯಾದರೂ ತೂಗುಹಾಕಿ, ಹಿಗ್ಗುವಷ್ಟು ಹಿಗ್ಗಿದ ಮೇಲೆ ನೆಲದಿಂದ ಅಳೆದು ಗುರುತು ಹಾಕಿ. ಅದೇ ದಿನ ಮಡಿಚಿ ಹೊಲಿದರೆ ವಾರದೊಳಗೆ ಅಂಚು ಅಲೆಅಲೆಯಾದೀತು.

ಮೊನ್ಯಾಸ್ಟಿಕ್‌ಗೆ ನಕಲು ಎಷ್ಟು ಹುಟ್ಟಿತೆಂದರೆ, ದಾವೆಗಳ ಖರ್ಚಿಗೆ ಸೋತು ಆಕೆ ಕೆಲಸ ಮಾಡುತ್ತಿದ್ದ ಟೌನ್ಲಿ ಉಡುಪು ಕಂಪನಿ ಬಾಗಿಲು ಮುಚ್ಚಿತು. 1940ರಲ್ಲಿ ಮತ್ತೆ ತೆರೆದಾಗ ಲೇಬಲ್ಲಿನಲ್ಲಿ ಆಕೆಯ ಹೆಸರೂ ಇತ್ತು. ತೆರೆಮರೆಯಲ್ಲೇ ಉಳಿಯುತ್ತಿದ್ದ ವಿನ್ಯಾಸಗಾರರಿಗೆ ಆ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ.

ಸಹಾಯಕ್ಕೆ ಯಾರನ್ನೂ ಕರೆಯದೆ ತೊಡುವಂತಿರಬೇಕೆಂದು ಬೆನ್ನಿನ ಜಿಪ್ಪನ್ನು ಪಕ್ಕಕ್ಕೆ ತಂದರು. ಜೇಬುಗಳನ್ನಿಟ್ಟರು. ಡೆನಿಮ್ಮಿಗೆ ಕೆಲಸದ ಬಟ್ಟೆಯ ಜೋಡಿ ಹೊಲಿಗೆಯನ್ನೇ ಎದ್ದು ಕಾಣುವಂತೆ ಹಾಕಿದರು. ಯುದ್ಧಕಾಲದಲ್ಲಿ ಮನೆಯಾಳು ಸಿಗದ ಗೃಹಿಣಿಗಾಗಿ 1942ರಲ್ಲಿ ಮಾಡಿದ, ಸುತ್ತಿ ಕಟ್ಟುವ ಮನೆಗೆಲಸದ ಉಡುಪು ‘ಪಾಪೋವರ್’ನ ಅಂದಿನ ಬೆಲೆ 6.95 ಡಾಲರ್, ಬಿಸಿ ಪಾತ್ರೆ ಹಿಡಿಯುವ ಕೈಗವಸೂ ಜೊತೆಗೆ. 1955ರಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದ ಮೆಕಾರ್ಡೆಲ್ 1958ರಲ್ಲಿ, 52ರ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಪಾಪೋವರ್‌ನಂತೆ ಸುತ್ತಿ ಕಟ್ಟುವ ಉಡುಪು ಹೊಲಿಯುವಾಗ ಬಟ್ಟೆ ಉಳಿಸಲು ಹೋಗಿ ಒಂದರ ಮೇಲೊಂದು ಬರುವ ಮೇಲುಸೆರಗಿನ ಅಗಲ ಕಡಿಮೆ ಮಾಡುವುದುಂಟು. ನಿಂತಾಗ ಏನೂ ಗೊತ್ತಾಗುವುದಿಲ್ಲ, ಕೂತರೆ ಮಂಡಿಯ ಬಳಿ ಬಾಯ್ಬಿಡುತ್ತದೆ. ಟ್ರಯಲ್ ನೋಡುವಾಗ ಕುರ್ಚಿಯ ಮೇಲೆ ಕೂರಿಸಿಯೇ ಆ ಅಗಲ ನಿರ್ಧರಿಸಿ.