ಡಿಒಐ ತೆರೆದರೆ ಸಾಕಾ? ಎಐ ಕೊಟ್ಟ ಉಲ್ಲೇಖ ನೋಡುವ ಬಗೆ

ನಿನ್ನೆ ಮಧ್ಯಾಹ್ನವೆಲ್ಲ ಮಾನಸಗಂಗೋತ್ರಿಯಲ್ಲಿ ಒಂದೇ ಒಂದು ಉಲ್ಲೇಖದ ಹಿಂದೆ ಬಿದ್ದಿದ್ದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲು ಸುಲಭದ್ದು. ಸಂಶೋಧನಾ ಲೇಖನದಲ್ಲಿ ಎಐಯನ್ನು ಲೇಖಕರ ಪಟ್ಟಿಗೆ ಸೇರಿಸುವಂತಿಲ್ಲ. ಪ್ರಕಟಣೆಯ ನೀತಿ ನೋಡುವ ಕೋಪ್ ಸಂಸ್ಥೆ 2023ರಲ್ಲೇ ಇದನ್ನು ಹೇಳಿದೆ. ಬರೆದದ್ದಕ್ಕೆ ಹೊಣೆ ಹೊರಲು ಅದಕ್ಕೆ ಆಗುವುದಿಲ್ಲ. ಬಳಸಿದ್ದರೆ ಯಾವ ಟೂಲ್, ಯಾವ ಕೆಲಸಕ್ಕೆ ಅಂತ ಲೇಖನದಲ್ಲೇ ಬರೆಯಬೇಕು.

ನಾನು ಎಡವಿದ್ದು ಉಲ್ಲೇಖದಲ್ಲಿ. ನನ್ನ ಸಂಶೋಧನೆಯ ವಿಷಯ ಮಂಡ್ಯದ ಆಲೆಮನೆಗಳು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕಸ ಮೇಲೆ ಬರಲು ಬೆಂಡೆ ಗಿಡದ ಲೋಳೆ ಹಾಕುವ ಪದ್ಧತಿ ಇದೆ. ಅದರ ಬಗ್ಗೆ ಎಐ ಒಂದು ಲೇಖನ ಸೂಚಿಸಿತು. ಲೇಖಕರು, ವರ್ಷ, ಪುಟ, ಡಿಒಐ (ಲೇಖನಕ್ಕೆ ಕೊಡುವ ಕಾಯಂ ಗುರುತಿನ ನಂಬರ್, ಲಿಂಕ್ ಆಗಿಯೂ ತೆರೆಯುತ್ತದೆ) ಎಲ್ಲ ಇತ್ತು. ಡಿಒಐ ಒತ್ತಿದೆ, ಪೇಜ್ ತೆರೆಯಿತು. ಸರಿ ಇದೆ ಅಂದುಕೊಂಡು ಪಟ್ಟಿಗೆ ಹಾಕಿಬಿಟ್ಟೆ. "ಇದನ್ನ ಓದಿದ್ಯೇನಮ್ಮಾ?" ಅಂತ ಗೈಡ್ ಮೇಡಂ ಕೇಳಿದಾಗ ಮತ್ತೆ ತೆರೆದು ನೋಡಿದರೆ, ಅದು ಮೀನು ಸಾಕಣೆಯ ಲೇಖನ!

ಸುಳ್ಳು ಉಲ್ಲೇಖವಾದರೆ ಡಿಒಐ ತೆರೆಯುವುದೇ ಇಲ್ಲ ಅಂತ ನಾನು ನಂಬಿದ್ದೆ. ಹಾಗಲ್ಲ. ಸುಮ್ನೆ ಹತ್ತು ಅಂಕಿ ಒತ್ತಿ ಫೋನ್ ಮಾಡಿ, ಎಷ್ಟೋ ಸಲ ಯಾರೋ ಎತ್ತುತ್ತಾರೆ ಅಲ್ವಾ? ಎತ್ತಿದವರು ನಿಮ್ಮ ಮಾವನೇ ಆಗಿರಬೇಕಿಲ್ಲ. ಡಿಒಐ ಕೂಡ ಹಾಗೇ. 10 ಮತ್ತು ಚುಕ್ಕಿಯಿಂದ ಶುರುವಾಗುತ್ತದೆ, ಓರೆಗೆರೆಯ ಮುಂಚಿನ ಭಾಗ ಅದನ್ನು ನೋಂದಾಯಿಸಿದವರದು, ಆಮೇಲಿನದು ಆ ಲೇಖನದ್ದು. ಎಐ ಒಂದಾದ ಮೇಲೆ ಒಂದು ಪದವನ್ನು ಊಹಿಸಿ ಜೋಡಿಸುತ್ತದೆ. ಹಾಗೆ ಜೋಡಿಸಿದ ನಂಬರ್ ಬೇರೆ ಯಾವುದೋ ಲೇಖನದ್ದಾಗಿರಬಹುದು.

ಅದಕ್ಕೇ ಈಗ ಡಿಒಐ ತೆರೆದ ಮೇಲೆ ಶೀರ್ಷಿಕೆ, ಮೊದಲ ಲೇಖಕರು, ವರ್ಷ ಮೂರನ್ನೂ ಬೆರಳಿಟ್ಟು ಹೋಲಿಸುತ್ತೇನೆ. ಮೂರೂ ಸರಿಯಿದ್ದರೂ ಮುಗಿಯಲಿಲ್ಲ. ನಾನು ಬರೆದ ಮಾತು ಆ ಲೇಖನದ ಯಾವ ಪುಟದಲ್ಲಿದೆ ಅಂತ ಹುಡುಕಿ, ಪುಟದ ಸಂಖ್ಯೆ ಗುರುತು ಹಾಕಿಕೊಳ್ಳುತ್ತೇನೆ. ಪುಟ ಸಿಗದಿದ್ದರೆ ಉಲ್ಲೇಖ ಬಿಡುತ್ತೇನೆ.

ಇನ್ನೊಂದು ಮಾತು. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮದಲ್ಲಿ, ಬೇರೆ ಬರಹಗಳ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಅದು ಕಾಪಿಯ ಲೆಕ್ಕ ಮಾತ್ರ. ಹುಟ್ಟಿಸಿದ ಉಲ್ಲೇಖ ಎಲ್ಲಿಂದಲೂ ಕಾಪಿ ಆಗಿಲ್ಲವಲ್ಲ, ಹೋಲಿಕೆ ಎಷ್ಟಿದೆ ಅಂತ ಸಾಫ್ಟ್‌ವೇರ್ ಕೊಡುವ ರಿಪೋರ್ಟ್‌ನಲ್ಲಿ ಸಿಕ್ಕಿಬೀಳುವುದಿಲ್ಲ.

ಆ ಮೀನಿನ ಉಲ್ಲೇಖ ತೆಗೆದೆ. ಬೆಂಡೆ ಲೋಳೆಯ ವಿಷಯವನ್ನು ಆಲೆಮನೆಯವರ ಸಂದರ್ಶನದಿಂದ ಹಾಕಿದ್ದೇನೆ, ತಾರೀಖಿನ ಸಮೇತ. ಕೊನೆಗೆ ಸೇರಿಸಿದ ಸಾಲು ಇದು: "ಇಂಗ್ಲಿಷ್ ಸಾರಾಂಶದ ಭಾಷೆ ತಿದ್ದಲು ಚಾಟ್‌ಜಿಪಿಟಿ ಬಳಸಿದ್ದೇನೆ. ತಿದ್ದಿದ್ದನ್ನೆಲ್ಲ ಓದಿ ಪರಿಶೀಲಿಸಿದ್ದೇನೆ. ಹೊಣೆ ನನ್ನದು."