ಬಯಲಾಟದ ಆಮಂತ್ರಣ ಸ್ಪ್ಯಾಮ್ ಆದದ್ದು ಹೇಗೆ?

ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಸಾಂಸ್ಕೃತಿಕ ಸಂಘ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಮೊದಲ ವರ್ಷ, ಹರಕೆ ಬಯಲಾಟವೊಂದರ ಆಮಂತ್ರಣ ನನ್ನ ಕಣ್ಣಿಗೆ ಬಿದ್ದದ್ದು ಆಟ ಮುಗಿದ ಮೂರನೆಯ ದಿನ. ಅದು ಸ್ಪ್ಯಾಮ್, ಅಂದರೆ ಬೇಡದ ಜಾಹೀರಾತು ಪತ್ರಗಳ, ಫೋಲ್ಡರಿನಲ್ಲಿತ್ತು. "ನಿಮ್ಮವರು ಯಾರೂ ಬರಲಿಲ್ಲವಲ್ಲ" ಎಂದು ಕಳುಹಿಸಿದ ಹಿರಿಯರು ಕೇಳಿದಾಗ ಸರ್ವರ್ ನೋಡಿಕೊಳ್ಳುವ ನಾನು ತಲೆ ತಗ್ಗಿಸಬೇಕಾಯಿತು.

ಪತ್ರ ಯಾರಿಂದ, ಹೇಗೆ ಬಂತೆಂದು ದಾಖಲಾಗಿರುವ ಹೆಡರ್ ತೆರೆದು ನೋಡಿದೆ. ಅನುಮಾನದ ಲಕ್ಷಣಗಳಿಗೆ ಸರ್ವರ್ ಹಾಕಿದ ಅಂಕಗಳು ಅಲ್ಲಿದ್ದವು. ವಿಷಯದ ಸಾಲು ಖಾಲಿ, ಅದಕ್ಕಷ್ಟು ಅಂಕ. ಒಳಗೆ ಒಂದು ಚಿತ್ರ ಬಿಟ್ಟರೆ ಅಕ್ಷರವೇ ಇಲ್ಲ, ಅದಕ್ಕೆ ಇನ್ನಷ್ಟು. ಒಟ್ಟು 5.2. ಸ್ಪ್ಯಾಮ್ ಸೋಸುವ ನಮ್ಮ ತಂತ್ರಾಂಶ ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ 5 ದಾಟಿದ್ದೆಲ್ಲ ಸ್ಪ್ಯಾಮ್.

ಈ ಅಂಕಗಳಿಗೆ ಉದ್ದನೆಯ ಹಿನ್ನೆಲೆಯಿದೆ. 1978ರ ಮೇ 3ರಂದು ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಕಂಪ್ಯೂಟರ್ ಜಾಹೀರಾತು ಕಳುಹಿಸಿದರು; ಮೊದಲ ಸ್ಪ್ಯಾಮ್ ಎಂದು ಹೇಳುವುದು ಅದನ್ನೇ. 1997ರಲ್ಲಿ ಪಾಲ್ ವಿಕ್ಸಿ ಕೆಟ್ಟ ಸರ್ವರ್‌ಗಳ ವಿಳಾಸಗಳ ತಡೆಪಟ್ಟಿ ತಂದರು. ಆದರೆ ವಿಳಾಸ ನೋಡಿ ತಡೆದರೆ ಅದೇ ವಿಳಾಸದಿಂದ ಬರುವ ಒಳ್ಳೆಯ ಪತ್ರವೂ ಬಾಗಿಲಲ್ಲೇ ನಿಲ್ಲುತ್ತದೆ. 2001ರಲ್ಲಿ ಜಸ್ಟಿನ್ ಮೇಸನ್ ಬಿಡುಗಡೆ ಮಾಡಿದ ಸ್ಪ್ಯಾಮ್‌ಅಸ್ಯಾಸಿನ್ ಒಂದೇ ಕಾರಣಕ್ಕೆ ತೀರ್ಪು ಕೊಡದೆ ಹಲವು ಲಕ್ಷಣಗಳಿಗೆ ಅಂಕ ಹಾಕಿ ಕೂಡಿಸಿತು. ಮರುವರ್ಷ ಪಾಲ್ ಗ್ರಹಾಂ ಬರೆದ ಪ್ರಬಂಧದಿಂದ, ಪತ್ರದ ಪದಗಳಿಂದಲೇ ಸಂಭವನೀಯತೆ ಲೆಕ್ಕ ಹಾಕುವ ಬೇಯ್ಸ್ ವಿಧಾನ ಎಲ್ಲೆಡೆ ಹಬ್ಬಿತು. ಪದಗಳು ಸಿಕ್ಕಿಬೀಳತೊಡಗಿದ ಮೇಲೆ ಸ್ಪ್ಯಾಮ್ ಕಳುಹಿಸುವವರು ಅವನ್ನು ಚಿತ್ರದೊಳಗೆ ಅಡಗಿಸಿದರು. 2006ರ ಹೊತ್ತಿಗೆ ಈ ಕಾಟ ವಿಪರೀತವಾಗಿತ್ತು. ಚಿತ್ರವಷ್ಟೇ ಇರುವ ಪತ್ರವನ್ನು ಇಂದಿಗೂ ಅನುಮಾನದಿಂದ ನೋಡುವುದು ಅದಕ್ಕೇ.

ನಮ್ಮ ಊರಿನವರು ಚಿತ್ರ ಕಳುಹಿಸುವುದಕ್ಕೂ ಕಾರಣವಿದೆ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಅಕ್ಷರಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮೊದಲು 'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಅಚ್ಚಾದ ಆಮಂತ್ರಣವನ್ನು ಸ್ಕ್ಯಾನ್ ಮಾಡಿ ಕಳುಹಿಸಿದರೆ ಮಾತ್ರ ಕಾಸರಗೋಡಿನಲ್ಲೂ ಮುಂಬೈಯಲ್ಲೂ ಒಂದೇ ರೀತಿ ಓದಬಹುದಿತ್ತು. ತೊಂದರೆ ಹೋದರೂ ರೂಢಿ ಉಳಿಯಿತು. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ತಪ್ಪು ನಿಯಮದ್ದೂ ಇರಬಹುದು: ತೀರಾ ಮುಂದಿನ ದಿನಾಂಕವಿರುವ ಪತ್ರಗಳಿಗೆ ಅಂಕ ಹಾಕಲು ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ ಬರೆದ ನಿಯಮವೊಂದು 2010ನೆಯ ಇಸವಿಯನ್ನೂ ಹಾಗೆಯೇ ಎಣಿಸಿದ್ದರಿಂದ, ಆ ವರ್ಷದ ಜನವರಿ 1ರಂದು ಸರಿಯಾದ ಪತ್ರಗಳಿಗೂ ಸ್ಪ್ಯಾಮ್ ಅಂಕ ಬಿದ್ದಿತ್ತು.

ಸ್ಪ್ಯಾಮ್ ಹತ್ತು ನುಸುಳಿದರೆ ಅಳಿಸಬಹುದು, ತಪ್ಪಿದ ಆಮಂತ್ರಣ ಮರಳಿ ಬಾರದು. ಹಾಗಾಗಿ ಪತ್ರವನ್ನು ತಿರಸ್ಕರಿಸದೆ ಗುರುತು ಹಾಕಿ ಪಕ್ಕಕ್ಕಿಡುವಂತೆ ಮಾಡಿದೆ. ದಿನವೂ ಆ ಫೋಲ್ಡರ್ ನೋಡುವುದನ್ನು ಕೆಲಸವಾಗಿ ಹಚ್ಚಿಕೊಂಡೆ. ಸ್ಪ್ಯಾಮ್‌ಅಸ್ಯಾಸಿನ್‌ನಲ್ಲೂ ಇರುವ ಬೇಯ್ಸ್ ಕೆಲಸ ಆರಂಭಿಸಬೇಕಾದರೆ 200 ಸ್ಪ್ಯಾಮ್ ಪತ್ರಗಳ ಜೊತೆಗೆ 200 ಒಳ್ಳೆಯ ಪತ್ರಗಳನ್ನೂ ಕಲಿಸಬೇಕು. ಶಾಲಾ ಮೇಷ್ಟ್ರುಗಳ ಪತ್ರ, ಸಭೆಯ ನಡಾವಳಿ, ಹಳೆಯ ಆಮಂತ್ರಣ ಎಲ್ಲವನ್ನೂ ಸಂಜೆಗಳಲ್ಲಿ ಕುಳಿತು ಒಂದೊಂದಾಗಿ ಆರಿಸಿ ಕೊಟ್ಟೆ. ಚಿತ್ರದೊಳಗಿನ ಕನ್ನಡ ಅದಕ್ಕೆ ಓದಲು ಬರುವುದಿಲ್ಲ. ಆದರೆ ಯಾರಿಂದ, ಯಾವ ದಾರಿಯಲ್ಲಿ ಬಂತು ಎಂಬ ಹೆಡರಿನ ವಿವರಗಳಿಂದಲೂ ಅದು ಕಲಿಯುತ್ತದೆ.

ಯಕ್ಷಗಾನ ಮೇಳದ ಮುಂದಿನ ತಿರುಗಾಟದ ಕಾಲಕ್ಕೆ ಅದೇ ಹಿರಿಯರ ಪತ್ರ ಬಂತು. ವಿಷಯದ ಸಾಲು ಮತ್ತೆ ಖಾಲಿ, ಒಳಗೆ ಮತ್ತೆ ಒಂದೇ ಚಿತ್ರ. ಬೇಯ್ಸ್ ಒಟ್ಟಿನಿಂದ ಅಂಕ ಕಳೆದಿತ್ತು, ಪತ್ರ ಇನ್‌ಬಾಕ್ಸಿನಲ್ಲಿತ್ತು. ಆ ರಾತ್ರಿ ಆಟಕ್ಕೆ ಮೊದಲಿನ ಚೌಕಿಪೂಜೆಯ ಹೊತ್ತಿಗೇ ನಾವು ಏಳು ಮಂದಿ ಅಲ್ಲಿದ್ದೆವು.