ಮೊದಲು ಕೈ ಸರಿಹೋಗಲಿ ಎನ್ನುವವರಿಗೆ

ಲಕ್ವ ಹೊಡೆದವರನ್ನು ನನ್ನ ಬಳಿಗೆ ಕರೆತರುವ ಮನೆಯವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: "ಮೊದಲು ಕೈ ಸರಿಹೋಗಲಿ ಮೇಡಂ, ಕೆಲಸ ಎಲ್ಲಿಗೆ ಓಡಿಹೋಗುತ್ತದೆ?" ಚಿಕ್ಕಬಳ್ಳಾಪುರದಲ್ಲಿ 14 ವರ್ಷಗಳಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಈ ಮಾತಿನ ಹಿಂದೆ ಪ್ರೀತಿಯಿದೆ ಎಂದು ಗೊತ್ತಿದ್ದರೂ ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ಬಲಗೈ ಬಿದ್ದುಹೋದ ಅತ್ತೆ ಎಡಗೈಯಿಂದ ತಟ್ಟೆ ಮುಟ್ಟಿದರೆ ಸಾಕು, "ಎಡಗೈಯಲ್ಲಿ ಊಟವೇ?" ಎಂದು ಸೊಸೆಯೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ತಿನ್ನಿಸುತ್ತಾಳೆ. (ಲಕ್ವ ಆದವರಲ್ಲಿ ನುಂಗುವ ತೊಂದರೆ ಸಾಮಾನ್ಯ. ಅದನ್ನು ಪರೀಕ್ಷೆ ಮಾಡಿಸದೆ ಮುದ್ದೆ ಕೊಡಲೇಬೇಡಿ.) ತಲೆ ಬಾಚುವುದು ಮಗಳು, ಚಪ್ಪಲಿ ಹಾಕಿಸುವುದು ಮೊಮ್ಮಗ. ಎರಡು ತಿಂಗಳಲ್ಲಿ ಆ ಹೆಂಗಸಿಗೆ ತನ್ನದೆನ್ನುವ ಒಂದು ಕೆಲಸವೂ ಉಳಿದಿರುವುದಿಲ್ಲ. ಆಮೇಲೆ ನನ್ನನ್ನು ಕೇಳುತ್ತಾರೆ: "ಇವರಿಗೆ ಆಸೆಯೇ ಬತ್ತಿಹೋಗಿದೆ, ನೀವಾದರೂ ಸ್ವಲ್ಪ ಧೈರ್ಯ ಹೇಳಿ."

ಬಿಡಿಸಿ ಹೇಳುತ್ತೇನೆ. ಕೈ ಸುಧಾರಿಸುವುದೇ ಕೆಲಸದಿಂದ, ಎಷ್ಟು ಸಾಧ್ಯವೋ ಅಷ್ಟು. ಬಳಸದೆ ಬಿಟ್ಟ ಕೈಯನ್ನು ಮಿದುಳು ಲೆಕ್ಕದಿಂದ ಕೈಬಿಡುತ್ತದೆ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟೌಬ್ ಇದನ್ನು ಕೋತಿಗಳಲ್ಲಿ ಕಂಡರು. ಸ್ಪರ್ಶಜ್ಞಾನ ಹೋದ ಕೈಯನ್ನು ಆಡಿಸಲು ಸಾಧ್ಯವಿದ್ದರೂ ಅವು ಬಳಸುತ್ತಿರಲಿಲ್ಲ. ಒಳ್ಳೆಯ ಕೈಯನ್ನು ಕಟ್ಟಿದ ಮೇಲೆ ಬಳಸತೊಡಗಿದವು. ಅದೇ ತತ್ವದ ಚಿಕಿತ್ಸೆಯನ್ನು ಲಕ್ವ ಆಗಿ 3ರಿಂದ 9 ತಿಂಗಳಾಗಿದ್ದ 222 ಜನರನ್ನು ಸೇರಿಸಿಕೊಂಡು ಅಮೆರಿಕದಲ್ಲಿ ಪರೀಕ್ಷಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಚಿಕಿತ್ಸೆ ಪಡೆದವರ ಕೈಬಳಕೆ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿತ್ತು. ಇದನ್ನು ಓದಿ ಮನೆಯಲ್ಲಿ ಯಾರ ಕೈಯನ್ನೂ ಕಟ್ಟಿಹಾಕಬೇಡಿ. ಮಣಿಕಟ್ಟು, ಬೆರಳುಗಳು ಸ್ವಲ್ಪವಾದರೂ ಆಡುವವರಿಗೆ ಮಾತ್ರ ಅದು ಹೊಂದುತ್ತದೆ. ಯಾರಿಗೆ ಎಂಬುದನ್ನು ಪರೀಕ್ಷಿಸಿಯೇ ಹೇಳಬೇಕು.

ಶಿಡ್ಲಘಟ್ಟದ ಕಡೆಯ ಒಬ್ಬ ಅಜ್ಜಿ ಬರುತ್ತಾರೆ. ಜೀವಮಾನವೆಲ್ಲ ಹೂ ಕಟ್ಟಿ ಮಾರಿದವರು. ಬಿದ್ದುಹೋದದ್ದು ಬಲಗೈ. ಹಿಸುಕಲು ನಾನು ಕೊಟ್ಟ ಸ್ಪಂಜಿನ ಚೆಂಡನ್ನು ಮೂರು ವಾರ ಮೂಸಿಯೂ ನೋಡಲಿಲ್ಲ. "ಇದನ್ನು ಹಿಸುಕಿ ನಾನು ಯಾವ ರಾಜ್ಯ ಆಳಬೇಕು?" ಎನ್ನುತ್ತಿದ್ದರು. ಒಂದು ದಿನ ಸೊಸೆ ಹೊರಗಿನ ಬೆಂಚಿನಲ್ಲಿ ಕುಳಿತು ಕನಕಾಂಬರ ಕಟ್ಟುತ್ತಿದ್ದಳು. ಅಜ್ಜಿಯ ಕಣ್ಣು ಅಲ್ಲೇ ನೆಟ್ಟಿತ್ತು. ಒಂದು ಹಿಡಿ ಹೂವನ್ನೂ ದಾರವನ್ನೂ ಈಸಿಕೊಂಡು ಅವರ ಮುಂದಿಟ್ಟೆ.

ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿದರು. ಬಲಗೈಯನ್ನು ಎಡಗೈಯಿಂದಲೇ ಎತ್ತಿ ತಂದು, ತೊಡೆಯ ಮೇಲಿನ ದಾರ ಜಾರದಂತೆ ಅದರ ಮೇಲೆ ಭಾರವಾಗಿ ಇಟ್ಟರು. ಹೂವಿನ ತೊಟ್ಟುಗಳನ್ನು ಆ ಅಂಗೈಯ ಅಂಚಿಗೆ ಸಿಕ್ಕಿಸಿ ಎಡಗೈಯಿಂದ ಕುಣಿಕೆ ಹಾಕಿದರು. ಗಂಟು ಬಿಗಿಯಲು ಬರಲಿಲ್ಲ. ಹಲ್ಲಿನಿಂದ ಎಳೆಯಿರಿ ಎಂದೆ. "ದೇವರಿಗೆ ಎಂಜಲು ಹೂವೇ?" ಎಂದು ಗದರಿದರು. ಮತ್ತೆ ಯೋಚನೆ. ನಂತರ ಮಡಿಸಿದ್ದ ಕಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿದರು. ದಾರ ಬಿಗಿಯಿತು, ಗಂಟು ಕೂತಿತು.

ಅರ್ಧ ಗಂಟೆಗೆ ಏಳು ಹೂವು. ಇದನ್ನು ನನಗೆ ಯಾವ ಪಠ್ಯವೂ ಕಲಿಸಿರಲಿಲ್ಲ. ಕೆಲವು ವಾರಗಳ ನಂತರ, ಕೇಳಿಕೊಂಡರೂ ಚೆಂಡನ್ನು ಒತ್ತದಿದ್ದ ಬಲ ಹೆಬ್ಬೆರಳು ತೊಟ್ಟನ್ನು ಒತ್ತಿ ಹಿಡಿಯಿತು.

ಭರವಸೆಯ ಬಗ್ಗೆ ಸಂಶೋಧನೆ ನಡೆಸಿದ ಮನಶ್ಶಾಸ್ತ್ರಜ್ಞ ಸಿ. ಆರ್. ಸ್ನೈಡರ್ 1991ರಲ್ಲಿ ಕೊಟ್ಟ ವಿವರಣೆ ನನಗೆ ಬಹಳ ಹಿಡಿಸುತ್ತದೆ. ಮುಟ್ಟಬೇಕಾದ ಒಂದು ಗುರಿ, ಅಲ್ಲಿಗೆ ಹೋಗಲು ಕಾಣುವ ದಾರಿಗಳು, ನಡೆಯಬಲ್ಲೆ ಎಂಬ ಛಲ, ಇವು ಸೇರಿದರೆ ಭರವಸೆ. ಕಟ್ಟಲು ಹೂವೇ ಇಲ್ಲದಿದ್ದರೆ ಅಜ್ಜಿಗೆ ಕಾಲು ಚಾಚುವ ಉಪಾಯ ಎಲ್ಲಿಂದ ಹೊಳೆಯಬೇಕಿತ್ತು? ನಾವು ಕೆಲಸವನ್ನೇ ಕಿತ್ತುಕೊಂಡು ಧೈರ್ಯದ ಮಾತು ಹೇಳುತ್ತೇವೆ.

ಎಲ್ಲರ ಕೈಯೂ ಹೀಗೆ ತಿರುಗುತ್ತದೆಂದು ನಾನು ಮಾತು ಕೊಡಲಾರೆ. ಸಾಮಾನ್ಯವಾಗಿ ಮೊದಲ ಮೂರು ತಿಂಗಳ ಸುಧಾರಣೆ ಚುರುಕು, ಆಮೇಲಿನದು ನಿಧಾನ. ಲಕ್ವ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆಯೂ ಬರುತ್ತದೆ. ಅದು ಕಾಯಿಲೆ, ಅದನ್ನು ಸೋಮಾರಿತನವೆಂದು ಬೈಯಬೇಡಿ, ಹೂವು ಕೊಟ್ಟರೆ ವಾಸಿಯಾಗುತ್ತದೆಂದೂ ಕೂರಬೇಡಿ. ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಅಜ್ಜಿಯ ಕೈ ಪೂರ್ತಿ ಬಂದಿಲ್ಲ. ಕಳೆದ ವಾರ ಒಂದು ಮೊಳ ಕನಕಾಂಬರ ತಂದು ನನ್ನ ಮೇಜಿನ ಮೇಲಿಟ್ಟರು. ನಡುವೆ ಎರಡು ಕಡೆ ಸಡಿಲವಾಗಿತ್ತು. "ಕೊಡಿ ಅತ್ತೆ, ನಾನು ಸರಿಮಾಡುತ್ತೇನೆ" ಎಂದು ಸೊಸೆ ಕೈ ಚಾಚಿದಳು. ಅಜ್ಜಿ ಅವಳ ಕೈಯನ್ನು ಪಕ್ಕಕ್ಕೆ ಸರಿಸಿ, ಕಾಲು ಮಡಿಸಿ ಕುಳಿತು, ಗಂಟು ಬಿಚ್ಚತೊಡಗಿದರು.